ವಯನಾಡಿನ ಪ್ಲಸ್ ಒನ್: ಆಯ್ಕೆಪಟ್ಟಿಯ ಒಳಗಿನ ಗಣಿತ

ಕೇರಳದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಪ್ಲಸ್ ಒನ್ ಸೇರಲು ಅರ್ಜಿ ಹಿಡಿದು ಶಾಲೆಯಿಂದ ಶಾಲೆಗೆ ಅಲೆಯುವುದಿಲ್ಲ. ಸರ್ಕಾರಿ ಮತ್ತು ಅನುದಾನಿತ ಹೈಯರ್ ಸೆಕೆಂಡರಿ ಶಾಲೆಗಳ ಮೆರಿಟ್ ಸೀಟುಗಳು ‘ಏಕಜಾಲಕಂ’ ಎಂಬ ಒಂದೇ ಗಣಕ ವ್ಯವಸ್ಥೆಯ ಮೂಲಕ ಹಂಚಿಕೆಯಾಗುತ್ತವೆ. 2007ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಪ್ರಯೋಗಕ್ಕೆ ಬಂದು ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿದ ಈ ಏರ್ಪಾಟಿನಲ್ಲಿ ಒಂದು ಜಿಲ್ಲೆಗೆ ಒಂದೇ ಅರ್ಜಿ. ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗಿಯಾಗಲಿ, ವಯನಾಡಿನ ಕಾಡಂಚಿನ ಕಾಟ್ಟುನಾಯ್ಕ ಹಾಡಿಯ ಹುಡುಗನಾಗಲಿ, ಶಾಲೆಯ ಸಹಾಯ ಕೇಂದ್ರದಲ್ಲೋ ಅಕ್ಷಯ ಎಂಬ ಸಾರ್ವಜನಿಕ ಗಣಕ ಸೇವಾ ಕೇಂದ್ರದಲ್ಲೋ ಕುಳಿತು ತಮ್ಮ ಇಷ್ಟಗಳನ್ನು ಒಂದರ ಕೆಳಗೊಂದು ದಾಖಲಿಸುತ್ತಾರೆ. ಕೆಲವು ದಿನಗಳ ನಂತರ ಉತ್ತರ ಬರುತ್ತದೆ: ಇಂಥ ಶಾಲೆ, ಇಂಥ ವಿಷಯಗಳು. ಈ ಪ್ರಶ್ನೆ ಮತ್ತು ಉತ್ತರದ ನಡುವೆ ನಡೆಯುವ ಕೆಲಸದ ಹಿಂದೆ ಕಳೆದ ಶತಮಾನದ ಅತ್ಯಂತ ಸೊಗಸಾದ ಗಣಿತ ವಿಚಾರಗಳಲ್ಲಿ ಒಂದು ಇದೆ.

ಏಕಜಾಲಕದಲ್ಲಿ ಒಂದು ಆಪ್ಷನ್ ಎಂದರೆ ಶಾಲೆ ಮಾತ್ರವಲ್ಲ, ವಿಷಯ ಮಾತ್ರವೂ ಅಲ್ಲ. ಶಾಲೆ ಮತ್ತು ವಿಷಯ ಸಂಯೋಜನೆ ಎರಡೂ ಸೇರಿದ ಜೋಡಿ. ಇಂಗ್ಲಿಷ್ ಮತ್ತು ಒಂದು ದ್ವಿತೀಯ ಭಾಷೆಯ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳು. ಇವುಗಳನ್ನು ಕೂಡಿಸುವ ಬಗೆಗಳು ವಿಜ್ಞಾನ, ವಾಣಿಜ್ಯ, ಮಾನವಿಕ ವಿಭಾಗಗಳಲ್ಲಿ ಒಟ್ಟು 40ಕ್ಕೂ ಹೆಚ್ಚು. ಕರ್ನಾಟಕದ ಪಿಯುಸಿಯಲ್ಲಿ ಪಿಸಿಎಂಬಿ, ಪಿಸಿಎಂಸಿ ಎನ್ನುವುದಕ್ಕೆ ಅಲ್ಲಿನ ಮಕ್ಕಳ ಮಾತಿನಲ್ಲಿ ಬಯೋ ಮ್ಯಾತ್ಸ್, ಕಂಪ್ಯೂಟರ್ ಸೈನ್ಸ್ ಎಂದು ಹೆಸರು. ವೈದ್ಯಕೀಯದ ಹಾದಿಗೆ ಜೀವವಿಜ್ಞಾನ ಬೇಕು, ಎಂಜಿನಿಯರಿಂಗಿನ ಹಾದಿಗೆ ಗಣಿತ ಬೇಕು. ಎರಡನ್ನೂ ಉಳಿಸಿಕೊಳ್ಳಬೇಕೆಂದರೆ ಎರಡರ ಭಾರವನ್ನೂ ಹೊರಬೇಕು. ಹದಿನೈದು ಹದಿನಾರರ ವಯಸ್ಸಿನಲ್ಲಿ ಇದು ಸಣ್ಣ ತೀರ್ಮಾನವಲ್ಲ. ಇದರ ಮೇಲೆ ಶಾಲೆಯ ಪ್ರಶ್ನೆಯೂ ಕೂಡಿಕೊಳ್ಳುತ್ತದೆ. ದೂರದ ಕಲ್ಪೆಟ್ಟದಲ್ಲಿ ಸಿಗುವ ಬಯೋ ಮ್ಯಾತ್ಸ್ ಮೇಲೋ, ಮನೆ ಹತ್ತಿರದ ಶಾಲೆಯ ಕಂಪ್ಯೂಟರ್ ಸೈನ್ಸ್ ಮೇಲೋ? ರೈಲೇ ಇಲ್ಲದ, ಬಸ್ಸಿನ ಸಮಯಕ್ಕೆ ದಿನ ಹೊಂದಿಸಿಕೊಳ್ಳಬೇಕಾದ ವಯನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಮನೆಯಿಂದ ಮನೆಗೆ ಬೇರೆ. ಓದುವ ಆಸೆ, ಪ್ರಯಾಣದ ದೂರ, ಹಾಸ್ಟೆಲಿನ ಸೌಕರ್ಯ, ಹಿರಿಯ ಅಕ್ಕ ಅದೇ ಶಾಲೆಯಲ್ಲಿ ಓದುತ್ತಿರುವುದು, ಇವೆಲ್ಲವನ್ನೂ ತೂಗಿ ಕೊನೆಗೆ ಒಂದೇ ಸಾಲಿನಲ್ಲಿ ಜೋಡಿಸಬೇಕು. ಗಣಕಕ್ಕೆ ಕಾಣುವುದು ಆ ಸಾಲು ಮಾತ್ರ, ಅದರ ಹಿಂದಿನ ಕಾರಣಗಳಲ್ಲ.

ಪಟ್ಟಿಯ ಎದುರಿಗೆ ನಿಲ್ಲುವುದು ಅರ್ಹತೆಯ ಅಂಕ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಎ ಪ್ಲಸ್ ಶ್ರೇಣಿಗೆ 9 ಅಂಕ, ಎ ಶ್ರೇಣಿಗೆ 8, ಬಿ ಪ್ಲಸ್‌ಗೆ 7, ಹೀಗೆ ಇಳಿಯುತ್ತ ಹೋಗುವ ಶ್ರೇಣಿ ಅಂಕಗಳಿವೆ. ಇವುಗಳ ಸರಾಸರಿಯೇ ಲೆಕ್ಕದ ತಳಹದಿ. ಬಯಸಿದ ಸಂಯೋಜನೆಗೆ ಸಂಬಂಧಿಸಿದ ವಿಷಯಗಳಿಗೆ ಹೆಚ್ಚಿನ ತೂಕವಿದೆ. ಇದರ ಮೇಲೆ ಬೋನಸ್. ಅದೇ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದ್ದರೆ 2, ಶಾಲೆ ಇರುವ ಪಂಚಾಯತಿ ಅಥವಾ ನಗರಸಭೆಯ ನಿವಾಸಿಯಾದರೆ 2, ಅದೇ ತಾಲ್ಲೂಕಿನವರಾದರೆ 1. ಬೋನಸ್ ಮೊತ್ತವನ್ನು ಹತ್ತರಿಂದ ಭಾಗಿಸಿ ಸರಾಸರಿಗೆ ಕೂಡಿಸಲಾಗುತ್ತದೆ. ಹಾಗಾಗಿ 2 ಬೋನಸ್ ಅಂಕ ಎಂದರೆ ಸರಾಸರಿಯಲ್ಲಿ 0.2. ವಿಷಯಗಳ ತೂಕವನ್ನು ಬದಿಗಿಟ್ಟು ಹತ್ತು ವಿಷಯಗಳ ಸರಳ ಸರಾಸರಿಯಲ್ಲಿ ನೋಡಿದರೆ, ಎರಡು ವಿಷಯಗಳಲ್ಲಿ ಎ ಪ್ಲಸ್ ತಪ್ಪಿ ಎ ಬಂದ ನಷ್ಟವನ್ನು ಇದೊಂದೇ ತುಂಬಿಕೊಡುತ್ತದೆ. ಸಾಲು ಸಾಲು ಮಕ್ಕಳಿಗೆ ಎಲ್ಲ ವಿಷಯದಲ್ಲೂ ಎ ಪ್ಲಸ್ ಬರುವ ರಾಜ್ಯದಲ್ಲಿ ಇದು ದೊಡ್ಡ ಮೊತ್ತ.

ಇದರ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾದದ್ದು. ಬೋನಸ್ ಇಲ್ಲದಿದ್ದರೆ, ವಿಷಯಗಳ ತೂಕವನ್ನೂ ಬದಿಗಿಟ್ಟರೆ, ಎಲ್ಲ ಶಾಲೆಗಳಿಗೂ ಒಂದೇ ರ‍್ಯಾಂಕ್ ಪಟ್ಟಿ ಸಾಕಿತ್ತು: ಮೊದಲನೆಯವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುವುದು, ಉಳಿದದ್ದರಲ್ಲಿ ಎರಡನೆಯವರು, ಅಷ್ಟೇ. ಊರಿಗೂ ಶಾಲೆಗೂ ಸಂಬಂಧ ಕಲ್ಪಿಸಿದ ಕೂಡಲೇ ಪ್ರತಿ ಶಾಲೆಗೂ ಬೇರೆ ರ‍್ಯಾಂಕ್ ಪಟ್ಟಿ ಹುಟ್ಟಿಕೊಳ್ಳುತ್ತದೆ. ಒಂದು ಕಡೆ ಮಕ್ಕಳ ಇಷ್ಟ, ಇನ್ನೊಂದು ಕಡೆ ಶಾಲೆಗಳ ಆದ್ಯತೆ, ಎರಡೂ ಒಂದಕ್ಕೊಂದು ಅಡ್ಡ ಬರಬಹುದು.

ಒಂದು ಚಿಕ್ಕ ಕಲ್ಪಿತ ಉದಾಹರಣೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಪನಮರಂ ಪಂಚಾಯತಿಯ ಒಬ್ಬ ಹುಡುಗಿಗೆ ಹತ್ತಕ್ಕೆ ಹತ್ತೂ ಎ ಪ್ಲಸ್, ಸರಾಸರಿ 9.0. ಕಲ್ಪೆಟ್ಟ ನಗರಸಭೆಯ ಒಬ್ಬ ಹುಡುಗನಿಗೆ ಎಂಟು ಎ ಪ್ಲಸ್, ಎರಡು ಎ, ಸರಾಸರಿ 8.8. ಕಲ್ಪೆಟ್ಟದ ಒಂದು ಶಾಲೆಯಲ್ಲಿ ಒಂದು ಸೀಟು, ಪನಮರಂನ ಒಂದು ಶಾಲೆಯಲ್ಲಿ ಒಂದು ಸೀಟು ಉಳಿದಿವೆ ಎಂದುಕೊಳ್ಳೋಣ. ಪನಮರಂ ಇರುವುದು ಮಾನಂದವಾಡಿ ತಾಲ್ಲೂಕಿನಲ್ಲಿ, ಕಲ್ಪೆಟ್ಟ ವೈತಿರಿ ತಾಲ್ಲೂಕಿನಲ್ಲಿ. ಊರು ಮತ್ತು ತಾಲ್ಲೂಕು ಎರಡರ ಬೋನಸ್ಸೂ ಸೇರಿದಾಗ ಕಲ್ಪೆಟ್ಟದ ಶಾಲೆಯಲ್ಲಿ ಹುಡುಗನಿಗೆ 9.1, ಹುಡುಗಿಗೆ 9.0. ಪನಮರಂನಲ್ಲಿ ಹುಡುಗಿಗೆ 9.3, ಹುಡುಗನಿಗೆ 8.8. ಆದರೆ ಹುಡುಗಿಯ ಮೊದಲ ಆಯ್ಕೆ ಕಲ್ಪೆಟ್ಟ, ಹುಡುಗನ ಮೊದಲ ಆಯ್ಕೆ ಪನಮರಂ. ಪ್ರತಿ ಶಾಲೆಯೂ ತನ್ನ ಊರಿನ ಮಗುವನ್ನು ಮುಂದಿಡುತ್ತದೆ, ಪ್ರತಿ ಮಗುವೂ ಇನ್ನೊಂದು ಊರಿನ ಶಾಲೆಯನ್ನು ಬಯಸುತ್ತದೆ.

ಇಲ್ಲಿ ಯಾರು ಮೊದಲು ಕೇಳುತ್ತಾರೆ ಎನ್ನುವುದೇ ನಿರ್ಣಾಯಕ. ಶಾಲೆಗಳು ತಮ್ಮ ಪಟ್ಟಿಯ ತುದಿಯಲ್ಲಿರುವವರನ್ನು ಮೊದಲು ಕರೆದರೆ ಹುಡುಗಿ ಪನಮರಂನಲ್ಲಿ, ಹುಡುಗ ಕಲ್ಪೆಟ್ಟದಲ್ಲಿ ಉಳಿಯುತ್ತಾರೆ. ಇಬ್ಬರಿಗೂ ಎರಡನೆಯ ಆಯ್ಕೆ. ಮಕ್ಕಳು ಮೊದಲು ಕೇಳಿದರೆ ಹುಡುಗಿ ಕಲ್ಪೆಟ್ಟವನ್ನೂ ಹುಡುಗ ಪನಮರಂ ಅನ್ನೂ ಕೇಳುತ್ತಾರೆ, ಬೇರೆ ಸ್ಪರ್ಧಿ ಇಲ್ಲದ್ದರಿಂದ ಇಬ್ಬರಿಗೂ ಬೇಕಾದದ್ದೇ ಸಿಗುತ್ತದೆ. ಎರಡು ಫಲಿತಾಂಶಗಳಲ್ಲೂ ಅನ್ಯಾಯದ ದೂರಿಗೆ ಆಸ್ಪದವಿಲ್ಲ: ಯಾವ ಮಗುವೂ ‘ನನಗಿಂತ ಕಡಿಮೆ ಅಂಕದವರಿಗೆ ನಾನು ಬಯಸಿದ ಸೀಟು ಹೋಯಿತು’ ಎನ್ನುವಂತಿಲ್ಲ. ಗಣಿತಜ್ಞರು ಇಂಥ ಹಂಚಿಕೆಗೆ ಸ್ಥಿರ ಜೋಡಣೆ ಎನ್ನುತ್ತಾರೆ. ಒಂದೇ ಸಂದರ್ಭಕ್ಕೆ ಹಲವು ಸ್ಥಿರ ಜೋಡಣೆಗಳು ಇರಬಹುದು. ಕೇಳುವ ಪಕ್ಷಕ್ಕೆ ಅವುಗಳಲ್ಲಿ ಅತ್ಯುತ್ತಮವಾದದ್ದು ದಕ್ಕುತ್ತದೆ.

ಈಗ ಮೂರನೆಯ ಮಗು. ಮಾನಂದವಾಡಿ ಪಟ್ಟಣದ ಇವನಿಗೆ ಒಂಬತ್ತು ಎ ಪ್ಲಸ್, ಒಂದು ಎ, ಸರಾಸರಿ 8.9. ಇವನ ಮೊದಲ ಆಯ್ಕೆಯೂ ಪನಮರಂ. ಅದೇ ತಾಲ್ಲೂಕಿನವನಾದ್ದರಿಂದ ಅಲ್ಲಿ 9.0 ಆಗುತ್ತದೆ, 8.8ರ ಕಲ್ಪೆಟ್ಟದ ಹುಡುಗ ಸ್ಥಾನ ಬಿಡಬೇಕಾಗುತ್ತದೆ. ಆ ಹುಡುಗ ತನ್ನ ಎರಡನೆಯ ಆಯ್ಕೆಯಾದ ಕಲ್ಪೆಟ್ಟವನ್ನು ಕೇಳುತ್ತಾನೆ. ಅಲ್ಲಿ ಅವನ 9.1ರ ಮುಂದೆ ಹುಡುಗಿಯ 9.0 ಸಾಲದು. ಹುಡುಗಿ ಪನಮರಂಗೆ ಬರುತ್ತಾಳೆ. ಅಲ್ಲಿ ಅವಳ 9.3ರ ಮುಂದೆ ಮೂರನೆಯವನ 9.0 ನಿಲ್ಲುವುದಿಲ್ಲ. ಅವನು ಕೊನೆಗೆ ಮಾನಂದವಾಡಿಯಲ್ಲೇ ಸೀಟು ಹುಡುಕುತ್ತಾನೆ. ಎಲ್ಲರನ್ನೂ ಕದಲಿಸಿದ ಮಗುವಿಗೆ ಏನೂ ಸಿಗಲಿಲ್ಲ, ಉಳಿದಿಬ್ಬರೂ ಮೊದಲ ಆಯ್ಕೆಯಿಂದ ಎರಡನೆಯದಕ್ಕೆ ಇಳಿದರು. ಇಡೀ ಜಿಲ್ಲೆಯ ಅರ್ಜಿಗಳಲ್ಲಿ ಇಂಥ ಸರಪಳಿಗಳು ಎಷ್ಟು ಉದ್ದವಿರಬಹುದೆಂದು ಊಹಿಸಿದರೆ, ಕೊನೆಯ ಅರ್ಜಿಯ ಲೆಕ್ಕ ಮುಗಿಯುವವರೆಗೆ ಯಾವ ಸೀಟನ್ನೂ ಯಾರಿಗೂ ಕಾಯಂ ಮಾಡಬಾರದೇಕೆ ಎಂಬುದು ಅರ್ಥವಾಗುತ್ತದೆ.

ಈ ಒಂದು ಒಳನೋಟವನ್ನು ಕ್ರಮವಿಧಿಯಾಗಿ ರೂಪಿಸಿದವರು ಅಮೆರಿಕದ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ. 1962ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧ ಕೇವಲ ಏಳು ಪುಟಗಳದ್ದು. ವಾದವೆಲ್ಲ ಸಾಮಾನ್ಯ ಭಾಷೆಯಲ್ಲೇ ಸಾಗುತ್ತದೆ. ಅವರ ವಿಧಾನಕ್ಕೆ ಇಂಗ್ಲಿಷಿನಲ್ಲಿ ಡಿಫರ್ಡ್ ಅಕ್ಸೆಪ್ಟೆನ್ಸ್ ಎಂದು ಹೆಸರು, ಕನ್ನಡದಲ್ಲಿ ಮುಂದೂಡಿದ ಒಪ್ಪಿಗೆ ಎನ್ನಬಹುದು. ಪ್ರತಿ ಮಗುವೂ ತನ್ನ ಪಟ್ಟಿಯ ಮೊದಲ ಆಯ್ಕೆಯನ್ನು ಕೇಳುತ್ತದೆ. ಪ್ರತಿ ಶಾಲೆಯೂ ಬಂದವರಲ್ಲಿ ತನ್ನ ಸೀಟುಗಳ ಸಂಖ್ಯೆಯಷ್ಟು ಮೇಲಿನವರನ್ನು ತಾತ್ಕಾಲಿಕವಾಗಿ ಹಿಡಿದಿಟ್ಟು ಉಳಿದವರನ್ನು ನಿರಾಕರಿಸುತ್ತದೆ. ನಿರಾಕೃತರು ಮುಂದಿನ ಆಯ್ಕೆಗೆ ಹೋಗುತ್ತಾರೆ. ಶಾಲೆ ಮೊದಲು ಹಿಡಿದಿಟ್ಟವರನ್ನೂ ಹೊಸಬರನ್ನೂ ಒಟ್ಟಿಗೆ ಇಟ್ಟು ಮತ್ತೆ ಆರಿಸುತ್ತದೆ. ಹೊಸ ನಿರಾಕರಣೆ ಇಲ್ಲದ ಕ್ಷಣದಲ್ಲಿ ಎಲ್ಲವೂ ಕಾಯಂ. ಮಗು ತನ್ನ ಪಟ್ಟಿಯಲ್ಲಿ ಕೆಳಕ್ಕೆ ಮಾತ್ರ ಇಳಿಯಬಲ್ಲದು, ಶಾಲೆ ಹಿಡಿದಿಟ್ಟ ಮಕ್ಕಳ ಅಂಕ ಮೇಲಕ್ಕೆ ಮಾತ್ರ ಏರಬಲ್ಲದು. ಆದ್ದರಿಂದ ಪ್ರಕ್ರಿಯೆ ಎಂದೂ ಸುತ್ತು ಹಾಕುತ್ತ ಉಳಿಯದೆ ನಿಶ್ಚಿತವಾಗಿ ಮುಗಿಯುತ್ತದೆ, ಮುಗಿದಾಗ ಸಿಗುವುದು ಸ್ಥಿರ ಜೋಡಣೆಯೇ. ಇಷ್ಟು ಸರಳವಾದ ವಾದದಿಂದ ಇಷ್ಟು ಬಲವಾದ ಖಾತರಿ ಹುಟ್ಟುವುದು ಗಣಿತದಲ್ಲೂ ಅಪರೂಪ.

ಅಮೆರಿಕದ ಆಸ್ಪತ್ರೆಗಳು ಹೊಸ ವೈದ್ಯರನ್ನು ಹಂಚಿಕೊಳ್ಳಲು 1952ರಿಂದಲೇ ಬಳಸುತ್ತಿದ್ದ ಪದ್ಧತಿಗೂ ಇದಕ್ಕೂ ತತ್ತ್ವ ಒಂದೇ ಎಂದು 1984ರಲ್ಲಿ ಆಲ್ವಿನ್ ರಾತ್ ತೋರಿಸಿದರು. ಅಲ್ಲಿ ಕೇಳುವ ಪಕ್ಷ ಆಸ್ಪತ್ರೆಗಳಾಗಿದ್ದವು. 1990ರ ದಶಕದ ಕೊನೆಯಲ್ಲಿ ಅದನ್ನು ವೈದ್ಯರ ಕಡೆಯಿಂದ ಕೇಳುವಂತೆ ತಿರುಗಿಸಲಾಯಿತು. 2012ರಲ್ಲಿ ರಾತ್ ಮತ್ತು ಶಾಪ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಭಾರತದಲ್ಲಿ ಐಐಟಿ, ಎನ್‌ಐಟಿಗಳ ಸೀಟುಗಳನ್ನು 2015ರಿಂದ ಒಟ್ಟಾಗಿ ಹಂಚುತ್ತಿರುವ ಜೋಸಾ ವ್ಯವಸ್ಥೆಯ ಬೇರೂ ಇಲ್ಲೇ ಇದೆ.

ಏಕಜಾಲಕದ ನಿಯಮಗಳೂ ಇದೇ ಕುಟುಂಬಕ್ಕೆ ಸೇರಿದವು. ಮೊದಲು ಟ್ರಯಲ್ ಅಲಾಟ್‌ಮೆಂಟ್, ಅಂದರೆ ಕರ್ನಾಟಕದ ಸಿಇಟಿಯಲ್ಲಿ ಅಣಕು ಸೀಟು ಹಂಚಿಕೆ ಎನ್ನುವಂಥದ್ದು. ಪಟ್ಟಿಯನ್ನು ತಿದ್ದಿಕೊಳ್ಳಲು ಅದು ಕೊನೆಯ ಅವಕಾಶ. ನಂತರ ಮುಖ್ಯ ಸುತ್ತುಗಳು. ಮೊದಲ ಆಯ್ಕೆಯೇ ಸಿಕ್ಕವರು ಶುಲ್ಕ ಕಟ್ಟಿ ಕಾಯಂ ಪ್ರವೇಶ ಪಡೆಯಬೇಕು. ಕೆಳಗಿನ ಆಯ್ಕೆ ಸಿಕ್ಕವರು ತಾತ್ಕಾಲಿಕ ಪ್ರವೇಶ ಪಡೆದು, ಪ್ರಮಾಣಪತ್ರಗಳನ್ನು ಶಾಲೆಯಲ್ಲಿ ಒಪ್ಪಿಸಿ, ಹೈಯರ್ ಆಪ್ಷನ್‌ಗಾಗಿ ಕಾಯಬಹುದು. ಇದೇ ಸಾಕು ಅನಿಸಿದರೆ ಮೇಲಿನ ಆಯ್ಕೆಗಳನ್ನು ರದ್ದು ಮಾಡಿ ಅಲ್ಲಿಯೇ ಕಾಯಂ ಆಗಬಹುದು. ಸೀಟು ಸಿಕ್ಕೂ ಸೇರದವರು ಪ್ರಕ್ರಿಯೆಯಿಂದ ಹೊರಗೆ. ಗೇಲ್ ಮತ್ತು ಶಾಪ್ಲಿಯವರ ಪ್ರಬಂಧದಲ್ಲಿ ಕಾಗದದ ಮೇಲಿದ್ದ ತಾತ್ಕಾಲಿಕತೆ ಇಲ್ಲಿ ಶಾಲೆಯ ದಾಖಲಾತಿ ಪುಸ್ತಕದಲ್ಲೇ ಕಾಣುತ್ತದೆ: ಹೆಸರು ಬರೆದಿದೆ, ಆದರೆ ಮುಂದಿನ ಸುತ್ತಿನಲ್ಲಿ ಹೊಡೆದು ಹಾಕಲೂಬಹುದು.

ಈ ವಿಧಾನದ ನಿಜವಾದ ಹಿರಿಮೆ ಇರುವುದು ಪ್ರಾಮಾಣಿಕತೆಗೆ ಅದು ಕೊಡುವ ರಕ್ಷಣೆಯಲ್ಲಿ. ಪ್ರತಿ ಜೂನ್‌ನಲ್ಲೂ ಊರೂರಲ್ಲಿ ಒಂದು ಬುದ್ಧಿಮಾತು ಕೇಳಿಬರುತ್ತದೆ: ಸಿಗದ ಶಾಲೆಯನ್ನು ಮೊದಲು ಬರೆದರೆ ಸಿಗುವುದೂ ಕೈತಪ್ಪುತ್ತದೆ, ಆದ್ದರಿಂದ ಖಚಿತವಾಗಿ ಸಿಗುವುದನ್ನೇ ಮೇಲೆ ಹಾಕುವುದು ಜಾಣತನ. ಬೇರೊಂದು ವಿಧಾನದಲ್ಲಿ ಈ ಮಾತು ಸರಿ. ಬಾಸ್ಟನ್ ನಗರ 2005ರವರೆಗೆ ಬಳಸಿದ ಪದ್ಧತಿಯಲ್ಲಿ ಮೊದಲ ಸುತ್ತಿನಲ್ಲೇ ಸೀಟು ಕಾಯಂ ಆಗುತ್ತಿತ್ತು; ಒಂದು ಶಾಲೆಯನ್ನು ಎರಡನೆಯದಾಗಿ ಬರೆದ ಮಗು, ಆದ್ಯತೆ ಎಷ್ಟೇ ಇದ್ದರೂ, ಮೊದಲನೆಯದಾಗಿ ಬರೆದವರ ಹಿಂದೆ ನಿಲ್ಲಬೇಕಿತ್ತು. ಅಲ್ಲಿ ಪೋಷಕರು ಮನಸ್ಸಿನಲ್ಲಿದ್ದುದನ್ನು ಬಿಟ್ಟು ಊಹೆಯನ್ನು ಬರೆಯುತ್ತಿದ್ದರು, ಊಹಿಸಲು ಬೇಕಾದ ನಂಟು ಮತ್ತು ಬಿಡುವು ಇದ್ದವರಿಗೆ ಲಾಭವಾಗುತ್ತಿತ್ತು. ಅತಿಲಾ ಅಬ್ದುಲ್‌ಕಾದಿರೋಲು ಮತ್ತು ತೈಫುನ್ ಸೋನ್ಮೆಜ್ 2003ರಲ್ಲಿ ಈ ದೋಷವನ್ನು ಬಿಡಿಸಿಟ್ಟ ಮೇಲೆ ಬಾಸ್ಟನ್ ಅದನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ನ್ಯೂಯಾರ್ಕ್ ನಗರ ತನ್ನ ಸುಮಾರು 90,000 ಹೈಸ್ಕೂಲು ಮಕ್ಕಳ ಹಂಚಿಕೆಗೆ ಮುಂದೂಡಿದ ಒಪ್ಪಿಗೆಯನ್ನು ತಂದಾಗ, ತಾವು ಬರೆಯದೇ ಇದ್ದ ಶಾಲೆಗೆ ದೂಡಲ್ಪಡುತ್ತಿದ್ದ ಮಕ್ಕಳ ಸಂಖ್ಯೆ ಸುಮಾರು 30,000ದಿಂದ ಮೊದಲ ವರ್ಷದಲ್ಲೇ ಸುಮಾರು 3,000ಕ್ಕೆ ಇಳಿಯಿತು.

ಮುಂದೂಡಿದ ಒಪ್ಪಿಗೆಯಲ್ಲಿ ಮಕ್ಕಳ ಕಡೆಯಿಂದ ಕೇಳಿಕೆ ಇರುವಾಗ, ಇಷ್ಟದ ಕ್ರಮವನ್ನು ಬದಲಿಸಿ ಬರೆದು ಯಾರೂ ಲಾಭ ಪಡೆಯಲಾರರು ಎಂದು 1981ರಲ್ಲಿ ಡುಬಿನ್ಸ್ ಮತ್ತು ಫ್ರೀಡ್‌ಮನ್, 1982ರಲ್ಲಿ ರಾತ್ ಸಾಧಿಸಿದರು. ಮೇಲಿನ ಆಯ್ಕೆ ನಿರಾಕೃತವಾದರೆ ಮಗು ಕೆಳಗಿನ ಶಾಲೆಗೆ ಅದೇ ಅಂಕದೊಂದಿಗೆ ಹೋಗುತ್ತದೆ, ತಡವಾಗಿ ಬಂದದ್ದಕ್ಕೆ ಶಿಕ್ಷೆಯಿಲ್ಲ. ತೋಟದ ಲೈನ್ ಮನೆಯಲ್ಲಿ ಬೆಳೆದು, ಮನೆಯಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿ ದಾಟಿದ ಮಗುವಿಗೆ ಸಲಹೆಗಾರರಿಲ್ಲ. ಹಿಂದಿನ ವರ್ಷದ ಕಟ್‌ಆಫ್ ತಿಳಿಸುವವರೂ ಇಲ್ಲ. ಮನಸ್ಸಿನಲ್ಲಿದ್ದ ಕ್ರಮವನ್ನೇ ಬರೆದರೆ ಸಾಕು ಎನ್ನುವ ಪ್ರಮೇಯ ಅಂಥ ಮಗುವಿಗೆ ಮಾಡುವ ಉಪಕಾರ ದೊಡ್ಡದು. ಆದರೆ ಏಕಜಾಲಕ ಹಲವು ಸುತ್ತುಗಳಲ್ಲಿ ನಡೆಯುವುದರಿಂದ, ಸಿಕ್ಕ ಸೀಟಿಗೆ ಸೇರಲೇಬೇಕಾದ್ದರಿಂದ, ಒಂದು ಎಚ್ಚರ ಉಳಿಯುತ್ತದೆ. ಸೇರಲು ಮನಸ್ಸಿಲ್ಲದ ಆಪ್ಷನ್ ಪಟ್ಟಿಯ ಯಾವ ಮೂಲೆಯಲ್ಲೂ ಇರಬಾರದು, ಪಟ್ಟಿ ತೀರಾ ಮೊಟಕಾಗಲೂಬಾರದು.

ಖಾತರಿಗಳಿಗೆ ಬೆಲೆಯೂ ಇದೆ. ಪನಮರಂನ ಹುಡುಗಿ ಮತ್ತು ಕಲ್ಪೆಟ್ಟದ ಹುಡುಗ ತಮ್ಮ ಸೀಟುಗಳನ್ನು ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಸಂತೋಷ. ಆದರೆ ಮಾನಂದವಾಡಿಯ ಹುಡುಗನಿಗಿಂತ ಕಡಿಮೆ ಅಂಕದವನು ಪನಮರಂನಲ್ಲಿ ಕುಳಿತಂತಾಗುತ್ತದೆ, ಆಗ ನ್ಯಾಯ ಮುರಿಯುತ್ತದೆ. ಓನುರ್ ಕೆಸ್ಟೆನ್ 2010ರಲ್ಲಿ ಒಂದು ದಾರಿ ಸೂಚಿಸಿದರು: ತನಗೇನೂ ನಷ್ಟವಿಲ್ಲದಿದ್ದಾಗ ತನ್ನ ಆದ್ಯತೆಯನ್ನು ಬಿಟ್ಟುಕೊಡಲು ಮೂರನೆಯ ಮಗು ಮೊದಲೇ ಒಪ್ಪಿದ್ದರೆ ಸರಪಳಿಯೇ ಹುಟ್ಟುವುದಿಲ್ಲ. ಕಾಗದದ ಮೇಲೆ ಇದು ಸುಂದರವಾದರೂ, ಬೇರೆಯವರ ಅನುಕೂಲಕ್ಕಾಗಿ ಒಪ್ಪಿಗೆಗೆ ಸಹಿ ಮಾಡಿ ಎಂದು ಪೋಷಕರನ್ನು ಒಪ್ಪಿಸುವುದು ಸುಲಭವಲ್ಲ. ಸದ್ಯಕ್ಕೆ ಪ್ಲಸ್ ಒನ್‌ನಲ್ಲಿರುವ ಪರಿಹಾರ ಬೇರೆ: ಸುತ್ತುಗಳು ಮುಗಿದ ಬಳಿಕ ಖಾಲಿ ಸೀಟುಗಳಿಗೆ ಶಾಲೆ ಅಥವಾ ಸಂಯೋಜನೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಮೊದಲ ಕೆಲವು ವಾರ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಕುಳಿತ ಮಗು ಆಮೇಲೆ ಬಯೋ ಮ್ಯಾತ್ಸ್‌ಗೆ ಹೋಗುವುದು ಹೀಗೆ.

ಕ್ರಮವಿಧಿ ಎಷ್ಟೇ ನಿಷ್ಪಕ್ಷವಾಗಿದ್ದರೂ ಇರುವ ಸೀಟುಗಳನ್ನು ಹಂಚಬಲ್ಲದೇ ಹೊರತು ಒಂದನ್ನೂ ಹುಟ್ಟಿಸಲಾರದು. ವಯನಾಡು ಸೇರಿದಂತೆ ಹಲವು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಶೇ 30ರಷ್ಟು ಸೀಟು ಹೆಚ್ಚಿಸಲಾಗುತ್ತಿದೆ. 50 ಮಕ್ಕಳ ಬ್ಯಾಚ್ 65 ಆಗುತ್ತದೆ. ಪಟ್ಟಿಯಲ್ಲಿ ಜಾಗ ಸಿಕ್ಕಿತು, ಪ್ರಯೋಗಶಾಲೆಯ ಮೇಜು ಮಾತ್ರ ಉದ್ದವಾಗಲಿಲ್ಲ. ಜೀವವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಸೂಕ್ಷ್ಮದರ್ಶಕದ ಮುಂದಿನ ಸರದಿ ಉದ್ದವಾಗುತ್ತದೆ.

ಹೆಚ್ಚು ಗಂಭೀರವಾದದ್ದು ಮೀಸಲಾತಿಯ ಅಂಕಗಣಿತ. ಪ್ಲಸ್ ಒನ್ ಪ್ರವೇಶದಲ್ಲಿ ಪರಿಶಿಷ್ಟ ಜಾತಿಗೆ ಶೇ 12, ಪರಿಶಿಷ್ಟ ಪಂಗಡಕ್ಕೆ ಶೇ 8. 2011ರ ಜನಗಣತಿಯಂತೆ ಕೇರಳದ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಶೇ 1.5ರಷ್ಟು ಮಾತ್ರ, ರಾಜ್ಯದ ಲೆಕ್ಕದಲ್ಲಿ ಶೇ 8 ಉದಾರವಾದ ಪಾಲು. ಆದರೆ ವಯನಾಡಿನ 8,17,420 ಜನರಲ್ಲಿ ಅವರ ಪಾಲು ಶೇ 18.5, ಇಡೀ ಕೇರಳದ ಆದಿವಾಸಿಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಹತ್ತಿರದಷ್ಟು ಮಂದಿ ಈ ಒಂದೇ ಪುಟ್ಟ ಜಿಲ್ಲೆಯಲ್ಲಿದ್ದಾರೆ. ಹಾಗಾಗಿ ಒಂದೇ ಶೇಕಡಾವಾರು ಬೇರೆ ಜಿಲ್ಲೆಗಳಲ್ಲಿ ಸೀಟುಗಳನ್ನು ಖಾಲಿ ಉಳಿಸುತ್ತದೆ, ವಯನಾಡಿನಲ್ಲಿ ಮಕ್ಕಳನ್ನು ಹೊರಗೆ ಉಳಿಸುತ್ತದೆ. 2020ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಆದಿವಾಸಿ ವಿದ್ಯಾರ್ಥಿಗಳು ಪ್ಲಸ್ ಒನ್ ಸೀಟಿಗಾಗಿ ಧರಣಿ ಕುಳಿತದ್ದರ ಹಿನ್ನೆಲೆ ಇದು. ಪಣಿಯ, ಅಡಿಯ, ಕುರಿಚ್ಯ, ಕುರುಮ ಸಮುದಾಯಗಳ ಮಕ್ಕಳೂ, ಕನ್ನಡಕ್ಕೆ ಹತ್ತಿರದ ಮಾತನ್ನು ಮನೆಯಲ್ಲಾಡುವ ಕಾಟ್ಟುನಾಯ್ಕರ ಮಕ್ಕಳೂ ಒಂದೇ ಮೀಸಲು ಕಟ್ಟಿನಲ್ಲಿ ಪರಸ್ಪರ ಸ್ಪರ್ಧಿಸಬೇಕು. ಮಲಯಾಳವನ್ನು ಶಾಲೆಗೆ ಬಂದ ಮೇಲೆ ಕಲಿತು, ಅದೇ ಮಲಯಾಳದಲ್ಲಿ ಭೌತವಿಜ್ಞಾನ ಬರೆದು ಹತ್ತನೆಯ ತರಗತಿ ದಾಟಿದ ಮಗುವಿನ ಸರಾಸರಿಯಲ್ಲಿ ಆ ದೂರ ಎಲ್ಲೂ ದಾಖಲಾಗುವುದಿಲ್ಲ.

ಮೀಸಲಾತಿಯ ಈ ಅಸಮತೋಲನವನ್ನು ಸರಿಪಡಿಸಲು ಹೊಸ ಗಣಿತವೇನೂ ಬೇಕಿಲ್ಲ. ಮುಂದೂಡಿದ ಒಪ್ಪಿಗೆಗೆ ಒದಗಿಸುವ ಆದ್ಯತೆಗಳು, ಸೀಟುಗಳು, ಪಾಲುಗಳು ಎಲ್ಲವೂ ಮನುಷ್ಯರು ಬರೆದ ಅಂಕಿಗಳು; ಪಂಚಾಯತಿಗೆ 2, ತಾಲ್ಲೂಕಿಗೆ 1 ಎಂದು ತೀರ್ಮಾನಿಸಿದಂತೆಯೇ ಜಿಲ್ಲೆಗೆ ತಕ್ಕ ಮೀಸಲು ಪಾಲನ್ನೂ ತೀರ್ಮಾನಿಸಬಹುದು. ಸರ್ಕಾರಿ ಶಾಲೆಯ 50 ಸೀಟುಗಳ ಒಂದು ಬ್ಯಾಚ್‌ನಲ್ಲಿ ಶೇ 8 ಎಂದರೆ 4 ಸೀಟು. ವಯನಾಡಿನ ಜನಸಂಖ್ಯೆಯ ಪಾಲಿನಂತೆ ಲೆಕ್ಕ ಹಾಕಿದರೆ ಅದು 9.